ನೋವಿಲ್ಲ ಅಂದರೇ ನಮಗೆ ಹೆದರಿಕೆ

ಗ್ರಾಮ ಪಂಚಾಯಿತಿ ಸಭೆ ಇರಲಿ, ಕಾಲುವೆ ನೀರಿಗಾಗಿ ಧರಣಿ ಇರಲಿ, ಜಾತ್ರೆ ಇರಲಿ, ಸುದ್ದಿಗೆಂದು ಎಲ್ಲಿಗೆ ಹೋದರೂ ಈಗ ನಮ್ಮ ಕಣ್ಣು ಮೊದಲು ಜನರ ಕಾಲಿನ ಕಡೆ ಹೋಗುತ್ತದೆ. ಸಿಂಧನೂರು, ಮಾನ್ವಿ ಕಡೆಯ ಗದ್ದೆಗಳಲ್ಲಿ ಭತ್ತ ನಾಟಿ ಮಾಡುವ ಹೆಣ್ಣುಮಕ್ಕಳ ಬೆರಳ ಸಂದಿ ಬೆಳ್ಳಗೆ ಕೊಳೆತಿರುತ್ತದೆ. ಹತ್ತಿ ಬಿಡಿಸುವವರ ಹಿಮ್ಮಡಿಯಲ್ಲಿ ರಕ್ತ ಕಾಣುವಷ್ಟು ಬಿರುಕು. ಕಟ್ಟೆಯ ಮೇಲೆ ಕೂತ ಹಿರಿಯರ ಉಂಗುಷ್ಟದಲ್ಲಿ ಎಂದೋ ಆದ ಗಾಯ, ಮೇಲೊಂದು ಬಟ್ಟೆಯ ಪಟ್ಟಿ. ಕೇಳಿದರೆ ಉತ್ತರ ಒಂದೇ: "ಏನಾಗಲ್ಲ ಬಿಡ್ರಿ, ನೋವೇನಿಲ್ಲ."

ಆ ಕೊನೆಯ ಮಾತು ಕೇಳಿದರೆ ನಮಗೆ ದಿಗಿಲು.

ನಮ್ಮ ದೊಡ್ಡಪ್ಪನೂ ಹಾಗೇ ಅಂದಿದ್ದರು. ಅವರಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಒಂದು ದಿನ ಚಪ್ಪಲಿಯ ಮೊಳೆ ಅಂಗಾಲಿಗೆ ಹೊಕ್ಕಿದೆ. ಅದೇ ಕಾಲಲ್ಲಿ ಹೊಲಕ್ಕೆ ಹೋಗಿ, ನೀರು ಕಟ್ಟಿ, ಸಂಜೆ ಮನೆಗೆ ಬಂದಿದ್ದಾರೆ. ಅಂಗಳದಲ್ಲಿ ರಕ್ತದ ಹೆಜ್ಜೆ ಕಂಡು ದೊಡ್ಡವ್ವ ಚೀರಿದಾಗಲೇ ಅವರಿಗೆ ಗೊತ್ತಾದದ್ದು. ಊರಿನ ಆರ್‌ಎಂಪಿ ಒಬ್ಬರು ಮೂರು ವಾರ ಪುಡಿ ಹಾಕಿ ಪಟ್ಟಿ ಕಟ್ಟಿದರು, ಇಂಜೆಕ್ಷನ್ ಕೊಟ್ಟರು. ಶುಗರ್ ಎಷ್ಟಿದೆ ಎಂದು ಒಮ್ಮೆಯೂ ನೋಡಲಿಲ್ಲ. ನಾಲ್ಕನೇ ವಾರ ಕಿರುಬೆರಳು ಕಪ್ಪಾಯಿತು, ವಾಸನೆ ಬಂತು. ದೊಡ್ಡ ಆಸ್ಪತ್ರೆಗೆ ಒಯ್ದಾಗ ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾಯಿತು. ಈಗ ಜೈಪುರ ಕಾಲು ಹಾಕಿಕೊಂಡು ಹೋಟೆಲಿನವರೆಗೆ ನಡೆಯುತ್ತಾರೆ. ಎರಡು ಎಕರೆ ಹೊಲ ಪಾಲಿಗೆ ಹೋಗಿದೆ.

ಆಪರೇಷನ್ ಮಾಡಿದ ಡಾಕ್ಟರು ನಮಗೆ ಹೇಳಿದ ಮಾತು ಇಷ್ಟೇ: "ನೋವಾಗಿದ್ರೆ ಅವತ್ತೇ ಬರ್ತಿದ್ರು."

ನೋವು ಅನ್ನೋದು ಕಾವಲುಗಾರ

ಒಂದು ಪಾದದಲ್ಲಿ 26 ಮೂಳೆ, 33 ಕೀಲುಗಳಿವೆ. ಮೈಭಾರವೆಲ್ಲ ಅದರ ಮೇಲೆ. ಮುಳ್ಳು ಚುಚ್ಚಿದರೆ ನಾವು ತಕ್ಷಣ ಕಾಲು ಎತ್ತುತ್ತೇವೆ. ಎತ್ತಿಸುವುದು ನೋವು. ಸಕ್ಕರೆ ಕಾಯಿಲೆ ಹಳೆಯದಾಗಿ ಹತೋಟಿಯಲ್ಲಿ ಇಲ್ಲದಿದ್ದರೆ ನರಗಳು ಸಾಯುತ್ತವೆ, ಅದೂ ಬೆರಳ ತುದಿಯಿಂದ ಶುರು. ಮೊದಲು ಜೋಮು, ಉರಿ, ಇರುವೆ ಹರಿದಂತೆ. ಆಮೇಲೆ ಏನೂ ಇಲ್ಲ. ಜನ ಅದನ್ನೇ "ಉರಿ ಕಡಿಮೆ ಆತು" ಎಂದು ಖುಷಿಪಡುತ್ತಾರೆ. ಕಾವಲುಗಾರ ಮಲಗಿದ್ದಾನೆ ಎಂದು ತಿಳಿಯುವುದಿಲ್ಲ. ಜೊತೆಗೆ ರಕ್ತನಾಳವೂ ಕಿರಿದಾದರೆ ಗಾಯಕ್ಕೆ ರಕ್ತ ತಲುಪುವುದಿಲ್ಲ, ಮಾಯುವುದೂ ಇಲ್ಲ. ಬೀಡಿ ಸೇದುವವರಿಗೆ ಇದು ಇನ್ನೂ ಬೇಗ.

ಯುಗಾದಿ ಮುಂಚೆ ನಮ್ಮ ಜಿಲ್ಲೆಯ ಮೂಲಕ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರನ್ನು ನೀವೂ ನೋಡಿರುತ್ತೀರಿ. ದಾರಿಯುದ್ದಕ್ಕೂ ಊರಿನವರು ಪೆಂಡಾಲು ಹಾಕಿ ಊಟ, ಮಜ್ಜಿಗೆ ಕೊಟ್ಟು, ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ನಾವು ಪ್ರತಿ ವರ್ಷ ಅದರ ಸುದ್ದಿ ಬರೆಯುತ್ತೇವೆ. ಹೋದ ಸಲ ಅಂಥ ಒಂದು ಪೆಂಡಾಲಿನಲ್ಲಿ ಹುಡುಗರ ಗುಂಪೊಂದು ಗುಳ್ಳೆ ಎದ್ದು ನರಳುತ್ತಿತ್ತು. ಪಕ್ಕದಲ್ಲಿ ಅರವತ್ತರ ಹಿರಿಯರೊಬ್ಬರು ಆರಾಮಾಗಿ ಮಜ್ಜಿಗೆ ಕುಡಿಯುತ್ತಿದ್ದರು. ಬರಿಗಾಲಲ್ಲಿ ಡಾಂಬರು ರಸ್ತೆ ತುಳಿದು ಅವರ ಅಂಗಾಲಿನ ಚರ್ಮ ಸುಟ್ಟು ಸುಲಿದಿತ್ತು. ಅಲ್ಲಿದ್ದ ನರ್ಸ್ ಹುಡುಗರಿಗೆ ಪಟ್ಟಿ ಕಟ್ಟಿ ಮುಂದೆ ಕಳಿಸಿದರು. ಹಿರಿಯರನ್ನು ಮಾತ್ರ "ಯಪ್ಪಾ, ನೀವು ಗಾಡಿ ಹತ್ರಿ, ಮಲ್ಲಯ್ಯ ಏನೂ ಅನ್ನಂಗಿಲ್ಲ" ಎಂದು ಒತ್ತಾಯ ಮಾಡಿ ಆಸ್ಪತ್ರೆಗೆ ಕಳಿಸಿದರು. ನೋವಿನಿಂದ ಕೂಗುವ ಕಾಲಿಗಿಂತ ಸುಮ್ಮನಿರುವ ಕಾಲಿಗೆ ಮೊದಲು ಓಡಬೇಕು ಎಂಬುದನ್ನು ಆಕೆ ನಮ್ಮ ಎದುರಿಗೇ ಮಾಡಿ ತೋರಿಸಿದರು.

ಮನೆಯಲ್ಲೇ ನೋಡಿಕೊಳ್ಳಬಹುದಾದವು

ಎಲ್ಲ ಕಾಲುನೋವಿಗೂ ಹೆದರಬೇಕಿಲ್ಲ. ಡಾಕ್ಟರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಹಿಮ್ಮಡಿ ಒಡೆತ: ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಕಾಲಿಟ್ಟು, ಒರಟು ಚರ್ಮವನ್ನು ಮೆಲ್ಲಗೆ ತಿಕ್ಕಿ, ಒರೆಸಿ, ವ್ಯಾಸಲೀನ್ ಅಥವಾ ಯೂರಿಯಾ ಇರುವ ಕ್ರೀಮ್ ಹಚ್ಚಿ ಕಾಲುಚೀಲ ಹಾಕಿ ಮಲಗಿ. ಇದು ಗೊಬ್ಬರದ ಯೂರಿಯಾ ಅಲ್ಲ, ಮೆಡಿಕಲ್ ಅಂಗಡಿಯಲ್ಲಿ ಕೇಳಿ. ಬ್ಲೇಡಿನಿಂದ ಕೆತ್ತಬೇಡಿ. ಶುಗರ್ ಇದ್ದವರು ಕಾಲು ನೆನೆಸುವುದೇ ಬೇಡ. ಬಿಸಿ ಗೊತ್ತಾಗದೆ ಸುಟ್ಟುಕೊಂಡವರಿದ್ದಾರೆ.

ಕೆಸರಿನಿಂದ ಬೆರಳ ಸಂದಿ ಕೊಳೆಯುವುದು: ಗದ್ದೆಯಿಂದ ಬಂದ ಮೇಲೆ ಸೋಪು ಹಚ್ಚಿ ತೊಳೆದು, ಬೆರಳ ಸಂದಿಯನ್ನು ಒಣಬಟ್ಟೆಯಿಂದ ಒರೆಸುವುದೇ ಅರ್ಧ ಔಷಧ. ಕ್ಲೋಟ್ರಿಮಜೋಲ್ ಕ್ರೀಮ್ ಹಚ್ಚಿದರೆ ವಾಸಿಯಾಗಿ ಕಂಡ ಮೇಲೂ ಒಂದೆರಡು ವಾರ ಬಿಡಬಾರದು. ಅಂಗಡಿಯವರು "ಇದು ಬೇಗ ಕೆಲಸ ಮಾಡ್ತದ" ಎಂದು ಕೊಡುವ ಸ್ಟಿರಾಯ್ಡ್ ಬೆರೆಸಿದ ಮುಲಾಮು ಬೇಡ. ಎರಡು ದಿನ ತುರಿಕೆ ನಿಲ್ಲುತ್ತದೆ, ಆಮೇಲೆ ಹುಳುಕಡ್ಡಿ ದುಪ್ಪಟ್ಟಾಗಿ ಹರಡುತ್ತದೆ.

ಬೆಳಗಿನ ಹಿಮ್ಮಡಿ ನೋವು: ಎದ್ದು ಮೊದಲ ಹೆಜ್ಜೆ ಇಟ್ಟಾಗ ಮೊಳೆ ಚುಚ್ಚಿದಂತೆ, ನಾಲ್ಕು ಹೆಜ್ಜೆ ನಡೆದರೆ ಕಡಿಮೆ. ಅಂಗಾಲಿನ ಅಡಿಯ ದಪ್ಪ ಪಟ್ಟಿ ಹಿಮ್ಮಡಿ ಮೂಳೆಗೆ ಅಂಟುವ ಜಾಗದಲ್ಲಿ ಜಗ್ಗಿ ಬರುವ ನೋವು ಇದು. ಮಂಚದಿಂದ ಇಳಿಯುವ ಮುಂಚೆ ಟವಲನ್ನು ಪಾದದ ಮುಂಭಾಗಕ್ಕೆ ಸುತ್ತಿ ನಿಮ್ಮ ಕಡೆ ಎಳೆದು ಮೂವತ್ತು ಎಣಿಸಿ. ಹೀಗೆ ಮೂರು ಸಲ. ಬಂಡೆ, ಸಿಮೆಂಟು ನೆಲದ ಮೇಲೆ ಬರಿಗಾಲಲ್ಲಿ ನಿಂತು ರೊಟ್ಟಿ ಬಡಿಯುವ ಅಕ್ಕಂದಿರು ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಲಿ. ಇದು ವಾಸಿಯಾಗಲು ತಿಂಗಳುಗಳೇ ಬೇಕು. ಆದರೆ ಆರು ವಾರಕ್ಕೂ ಸ್ವಲ್ಪವೂ ಇಳಿಯದಿದ್ದರೆ, ಮಲಗಿದಾಗಲೂ ನೋವಿದ್ದರೆ ತೋರಿಸಿ.

ಆಣಿ, ಉಗುರು: ಆಣಿಗೆ ಬ್ಲೇಡು ಬೇಡ. ಒತ್ತುವ ಚಪ್ಪಲಿ ಬದಲಿಸಿ. ಅಂಗಡಿಯಲ್ಲಿ ಸಿಗುವ ಆಣಿಪಟ್ಟಿಯಲ್ಲಿ ಆಸಿಡ್ ಇರುತ್ತದೆ, ಶುಗರ್ ಇದ್ದವರು ಅದನ್ನು ಮುಟ್ಟಲೇಬಾರದು. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ತೋಡಬೇಡಿ. ಮೂಲೆ ತೋಡಿದ ಉಗುರೇ ಮಾಂಸದೊಳಗೆ ಹೊಕ್ಕು ಕೀವಾಗುವುದು.

ಉಳುಕೋ, ಮುರಿತವೋ

ಬದುವಿನ ಮೇಲೆ ಜಾರಿ ಕಾಲು ಹೊರಳಿದರೆ ನಮ್ಮ ಕಡೆ ಮೊದಲು ಹೋಗುವುದು ಉಳುಕು ತೆಗೆಯುವವರ ಹತ್ತಿರ. ಅದಕ್ಕೂ ಮುಂಚೆ ಒಂದು ಪರೀಕ್ಷೆ ಮಾಡಿ. ಕೆನಡಾದ ಒಟ್ಟಾವಾ ಹೆಸರಿನಲ್ಲಿ ಕರೆಯುವ ಈ ಲೆಕ್ಕವನ್ನು ಹಲವು ದೇಶಗಳ ಡಾಕ್ಟರುಗಳು ಬಳಸುತ್ತಾರೆ. ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಇಡಲು ಆಗುತ್ತದೆಯೇ? ಗಿಣ್ಣಿನ ಎರಡೂ ಬದಿಯ ಉಬ್ಬು ಮೂಳೆಯ ತುದಿ ಅಥವಾ ಹಿಂಬದಿ ಒತ್ತಿದರೆ ತಡೆಯಲಾರದ ನೋವೇ? ಪಾದದ ನಡುವಿನ ಮೂಳೆಗಳನ್ನು ಒಳಬದಿ, ಹೊರಬದಿ ಒತ್ತಿದರೆ? ಹೆಜ್ಜೆ ಇಡಲು ಆಗದಿದ್ದರೆ, ಇಲ್ಲವೇ ಮೂಳೆ ಮೇಲೆ ನೋವಿದ್ದರೆ, ಎಕ್ಸ್‌ರೇ ಆಗಲೇಬೇಕು. ಎಳೆಯುವುದು, ತಿಕ್ಕುವುದು ಬೇಡ.

ಮೂಳೆ ಸರಿಯಿದ್ದರೆ ಎರಡು ಮೂರು ದಿನ ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಐಸು, ಹದವಾದ ಪಟ್ಟಿ, ಮಲಗಿದಾಗ ಕಾಲ ಕೆಳಗೆ ದಿಂಬು. ಆಮೇಲೆ ಮೆಲ್ಲಗೆ ನಡೆಯಲು ಶುರು ಮಾಡಬೇಕು.

ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿಸಿಕೊಂಡವರಿಗೆ ಒಂದು ಮಾತು. ಬೆರಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ, ಕಟ್ಟಿದವರು ಏನೇ ಅನ್ನಲಿ, ಕಟ್ಟು ಬಿಚ್ಚಿಸಿ ಅದೇ ಗಳಿಗೆ ಆಸ್ಪತ್ರೆಗೆ ಹೊರಡಿ. ರಕ್ತ ನಿಂತ ಕಾಲು ಬೆಳಗಿನವರೆಗೆ ಕಾಯುವುದಿಲ್ಲ.

ನಾಳೆ ಅನ್ನಬಾರದವು

ಶುಗರ್ ಇದ್ದವರ ಕಾಲಿನಲ್ಲಿ ಎಷ್ಟೇ ಸಣ್ಣ ಗಾಯ, ಗುಳ್ಳೆ, ಸುಟ್ಟಗಾಯ ಇದ್ದರೂ ಅಂದೇ, ತಪ್ಪಿದರೆ ಮರುದಿನವೇ ತೋರಿಸಬೇಕು. ಬೆರಳು ಕಪ್ಪಾದರೆ, ವಾಸನೆ ಬಂದರೆ, ಕೆಂಪು ಮೇಲಕ್ಕೆ ಏರುತ್ತಿದ್ದರೆ, ಜ್ವರ ಬಂದರೆ ರಾತ್ರಿಯೇ ಆಗಲಿ 108ಕ್ಕೆ ಫೋನ್ ಮಾಡಿ.

ಗಾಯವೇ ಇಲ್ಲದೆ ಒಂದೇ ಪಾದ ಊದಿ, ಕೆಂಪಾಗಿ, ಇನ್ನೊಂದಕ್ಕಿಂತ ಬಿಸಿ ಇದ್ದು, ನೋವು ಮಾತ್ರ ಅಷ್ಟಾಗಿ ಇಲ್ಲದಿದ್ದರೆ ಒಳಗೆ ಮೂಳೆ ಕುಸಿಯುತ್ತಿರಬಹುದು. ಆ ಕಾಲ ಮೇಲೆ ಭಾರ ಹಾಕದೆ ಆಸ್ಪತ್ರೆಗೆ ಹೋಗಬೇಕು.

ಶುಗರ್ ಇಲ್ಲದವರಿಗೂ ಸ್ಪರ್ಶ ಹೋಗಬಹುದು. ಮೈಮೇಲೆ ಮುಟ್ಟಿದರೆ ಗೊತ್ತಾಗದ ತಿಳಿಬಣ್ಣದ ಮಚ್ಚೆ, ಜೊತೆಗೆ ಪಾದ ಜೋಮು ಇದ್ದರೆ ಕುಷ್ಠ ಇರಬಹುದು. ನಾಚಿಕೆ ಬೇಡ, ಸರ್ಕಾರಿ ಆಸ್ಪತ್ರೆಯಲ್ಲಿ ಎಂಡಿಟಿ ಔಷಧ ಪುಕ್ಕಟೆ, ಪೂರ್ತಿ ವಾಸಿಯಾಗುತ್ತದೆ. ತುಕ್ಕು ಮೊಳೆ, ಜಾಲಿಮುಳ್ಳು ಆಳವಾಗಿ ಹೊಕ್ಕರೆ ಟಿಟಿ ಇಂಜೆಕ್ಷನ್ ವಿಚಾರಿಸಿ.

ಯಾರ ಹತ್ತಿರ ಹೋಗಬೇಕು

ಪಾದಕ್ಕೆಂದೇ ಇರುವ ವೈದ್ಯರನ್ನು ಪೊಡಿಯಾಟ್ರಿಸ್ಟ್ ಅನ್ನುತ್ತಾರೆ. ಅಮೆರಿಕ, ಇಂಗ್ಲೆಂಡಿನಲ್ಲಿ ಅದಕ್ಕೇ ಬೇರೆ ಓದು ಇದೆ. ನಮ್ಮ ದೇಶದಲ್ಲಿ ಅವರು ಬೆರಳೆಣಿಕೆ. ಬೆಂಗಳೂರಿನ ಜಯನಗರದಲ್ಲಿರುವ ಸರ್ಕಾರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್‌ನಲ್ಲಿ ಪಾದದ ವಿಭಾಗವೇ ಇದೆ. ಆದರೆ ರಾಯಚೂರಿನ ರೈತ ಬೊಬ್ಬೆ ಎದ್ದ ಕೂಡಲೇ ಬೆಂಗಳೂರಿಗೆ ಹೋಗಲು ಆಗುತ್ತದೆಯೇ?

ಆದ್ದರಿಂದ ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ. 30 ವರ್ಷ ದಾಟಿದವರಿಗೆ ಅಲ್ಲಿ ಬಿಪಿ, ಶುಗರ್ ತಪಾಸಣೆ ಪುಕ್ಕಟೆ. ಶುಗರ್ ನೋಡಿಸಲು ಹೋದಾಗ ಚಪ್ಪಲಿ ಬಿಚ್ಚಿ "ಸಾರ್, ಕಾಲೂ ನೋಡ್ರಿ" ಅನ್ನಿ. ಕೇಳದೆ ಇದ್ದರೆ ಗದ್ದಲದಲ್ಲಿ ಯಾರೂ ನೋಡುವುದಿಲ್ಲ. ಮಾಯದ ಗಾಯ, ಕೀವು ಇದ್ದರೆ ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಸರ್ಜನ್, ಮೂಳೆ ಪೆಟ್ಟಿಗೆ ಮೂಳೆ ಡಾಕ್ಟರು, ಹುಳುಕಡ್ಡಿ, ಮಚ್ಚೆಗೆ ಚರ್ಮದ ಡಾಕ್ಟರು. ನಮ್ಮ ಜಿಲ್ಲೆಯವರಿಗೆ ರಿಮ್ಸ್ ಇದೆ. ಬಿಪಿಎಲ್ ಕಾರ್ಡು, ಆಧಾರ್ ಜೊತೆಗಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ದೊಡ್ಡ ಚಿಕಿತ್ಸೆ ಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ.

ಇವತ್ತು ರಾತ್ರಿ ಎರಡು ನಿಮಿಷ

ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಹೆಸರಿರುವ ಒಂದು ಪರೀಕ್ಷೆ ಇದೆ. ಯಂತ್ರ ಬೇಡ, ಬೆರಳೊಂದು ಸಾಕು. ಮನೆಯಲ್ಲಿ ಶುಗರ್ ಇರುವ ಹಿರಿಯರನ್ನು ಮಂಚದ ಮೇಲೆ ಮಲಗಿಸಿ ಕಣ್ಣು ಮುಚ್ಚಿಸಿ. ಎರಡೂ ಕಾಲಿನ ಉಂಗುಷ್ಟ, ನಡುಬೆರಳು, ಕಿರುಬೆರಳಿನ ತುದಿಗೆ, ಒಟ್ಟು ಆರು ಕಡೆ, ನಿಮ್ಮ ತೋರುಬೆರಳನ್ನು ಒಂದೆರಡು ಸೆಕೆಂಡು ಹಗುರವಾಗಿ ಇಡಿ. ಒತ್ತಬೇಡಿ, ತಿಕ್ಕಬೇಡಿ. ಮುಟ್ಟಿದಾಗ ಎಡ, ಬಲ ಎಂದು ಅವರು ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಆ ಪಾದಗಳ ಸ್ಪರ್ಶ ಕಡಿಮೆಯಾಗಿದೆ ಎಂದು ತಿಳಿದು ಈ ವಾರವೇ ಡಾಕ್ಟರಿಗೆ ತೋರಿಸಿ.

ಹಾಗೆಯೇ ಮೊಬೈಲ್ ಟಾರ್ಚ್ ಹಾಕಿ ಅಂಗಾಲು, ಬೆರಳ ಸಂದಿ ನೋಡಿ. ಬಗ್ಗಲು ಆಗದ ಹಿರಿಯರು ತಮ್ಮ ಅಂಗಾಲನ್ನು ತಾವೇ ಎಷ್ಟು ವರ್ಷದಿಂದ ನೋಡಿಲ್ಲವೋ. ಬೆಳಿಗ್ಗೆ ಚಪ್ಪಲಿ ಮೆಟ್ಟುವ ಮುಂಚೆ ತಲೆಕೆಳಗು ಮಾಡಿ ಕೊಡವಿ, ಒಳಗೆ ಕೈಯಾಡಿಸಿ ಮೊಳೆ ಎದ್ದಿದೆಯಾ ನೋಡಲು ಹೇಳಿ. ಕಾಲು ಮುಟ್ಟಿ ನಮಸ್ಕಾರ ಮಾಡುವುದು ನಮಗೆ ರೂಢಿ. ಹಬ್ಬಕ್ಕೆ ಊರಿಗೆ ಬಂದಾಗ ನಮಸ್ಕಾರ ಮಾಡಿ ಏಳುವ ಮುಂಚೆ ಆ ಪಾದವನ್ನು ಒಮ್ಮೆ ತಿರುಗಿಸಿ ನೋಡಿಬಿಡಿ.