ತಲೆಬುರುಡೆ ಕಲಿಸಿದ ಪಾಠ

ವಿಜ್ಞಾನವು ನನ್ನ ಅಧ್ಯಯನದ ಕ್ಷೇತ್ರವಲ್ಲ. ಓಲೆಗರಿ, ಪಾಠಾಂತರ, ವ್ಯಾಕರಣಸೂತ್ರಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದವನು ನಾನು. ಆದರೂ ನಮ್ಮ ಶಾಲೆಯ ವಿಜ್ಞಾನೋಪಾಧ್ಯಾಯ ಮಿತ್ರರು ಈಚೆಗೊಂದು ದಿನ ಪ್ರಯೋಗಾಲಯದಲ್ಲಿ ತಲೆಬುರುಡೆಯ ಮಾದರಿಯೊಂದನ್ನು ಮಗುಚಿ, ಅದರ ತಳದ ರಂಧ್ರವನ್ನು ತೋರಿಸಿ ಹೇಳಿದ ವೃತ್ತಾಂತವು ನನ್ನ ಮನಸ್ಸನ್ನು ಕಲಕಿತು.

ದಕ್ಷಿಣ ಆಫ್ರಿಕದ ಟೌಂಗ್ ಎಂಬಲ್ಲಿನ ಸುಣ್ಣಕಲ್ಲಿನ ಗಣಿಯಿಂದ 1924ರಲ್ಲಿ ಬಂದ ಶಿಲಾಖಂಡವೊಂದರಲ್ಲಿ ಪುಟ್ಟ ಮುಖವೊಂದು ಹುದುಗಿತ್ತು. ಜೋಹಾನ್ಸ್‌ಬರ್ಗಿನ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕ ರೇಮಂಡ್ ಡಾರ್ಟರು ವಾರಗಟ್ಟಲೆ ಶ್ರಮಿಸಿ ಕಲ್ಲನ್ನು ಬಿಡಿಸಿದರು. ಹಾಲುಹಲ್ಲು ಬೀಳದ ಶಿಶುವಿನ ಬುರುಡೆ ಅದು; 20 ಲಕ್ಷ ವರ್ಷಗಳಿಗೂ ಹಿಂದಿನದು. ಮಿದುಳಿನ ಗಾತ್ರ ವಾನರದಷ್ಟೇ ಕಿರಿದು. ಆದರೆ ಬೆನ್ನುಹುರಿಯು ಹಾಯುವ ರಂಧ್ರವು ವಾನರಗಳಲ್ಲಿರುವಂತೆ ಹಿಂದಕ್ಕೆ ಸರಿದಿರದೆ, ಬುರುಡೆಯ ಅಡಿಯಲ್ಲಿ ಮುಂದಕ್ಕಿತ್ತು. ಅರ್ಥಾತ್, ಆ ಶಿರಸ್ಸು ನೆಟ್ಟನೆಯ ಬೆನ್ನೆಲುಬಿನ ಮೇಲೆ ನಿಂತಿತ್ತು. ನಮ್ಮ ಪೂರ್ವಿಕರಲ್ಲಿ ಮಿದುಳು ಹಿಗ್ಗುವ ಮೊದಲೇ ನಡಿಗೆ ನೆಟ್ಟಗಾಗಿತ್ತು.

1925ರಲ್ಲಿ ಡಾರ್ಟರು ಇದನ್ನು ಪ್ರಕಟಿಸಿದಾಗ ಇಂಗ್ಲೆಂಡಿನ ಹಿರಿಯ ವಿದ್ವಾಂಸರು ಒಪ್ಪಲಿಲ್ಲ. ದೊಡ್ಡ ಮಿದುಳೇ ಮೊದಲು ಬಂದಿತೆಂದು ಸಾರುವ ಪಿಲ್ಟ್‌ಡೌನ್ ಬುರುಡೆಯು 1912ರಿಂದಲೂ ಅವರ ಬಳಿಯಿತ್ತು. ಮನುಷ್ಯನ ಬುರುಡೆಗೆ ಒರಾಂಗುಟಾನಿನ ದವಡೆಯನ್ನು ಸೇರಿಸಿ, ಹಲ್ಲನ್ನು ಅರದಿಂದ ಉಜ್ಜಿ, ಬಣ್ಣ ಹಚ್ಚಿದ ಮೋಸ ಅದು. ಬಯಲಾದುದು 1953ರಲ್ಲಿ. ನಮ್ಮ ಪರಿಭಾಷೆಯಲ್ಲಿ ಅದು ಪ್ರಕ್ಷಿಪ್ತ. ಪ್ರಕ್ಷಿಪ್ತವನ್ನು ಮೂಲವೆಂದು ನಂಬಿದವರಿಗೆ ಮೂಲವೇ ಅಪಪಾಠವಾಗಿ ಕಂಡಿತು.

ಆದರೆ ಆ ಮೋಸ ಹೊರಬೀಳುವ ಮುನ್ನವೇ ರಾಬರ್ಟ್ ಬ್ರೂಮರಿಗೆ ಸ್ಟರ್ಕ್‌ಫಾಂಟೇನಿನಲ್ಲಿ ಇದೇ ಬಗೆಯ ವಯಸ್ಕ ಬುರುಡೆಗಳು ದೊರೆತಿದ್ದವು. ಅವನ್ನು ಕಂಡು, ಡಾರ್ಟರನ್ನು ವಿರೋಧಿಸಿದ್ದ ಸರ್ ಆರ್ಥರ್ ಕೀತರು 1947ರಲ್ಲಿ, ತಮ್ಮ 81ನೆಯ ವಯಸ್ಸಿನಲ್ಲಿ, ತಪ್ಪು ತಮ್ಮದೆಂದು ಬರೆದು ಪ್ರಕಟಿಸಿದರು.

ಇದನ್ನು ಕೇಳಿ ನಾನು ಮೌನಿಯಾದೆ. ಇಪ್ಪತ್ತು ವರ್ಷಗಳ ಹಿಂದೆ ಹಳಗನ್ನಡದ ತರಗತಿಯಲ್ಲಿ ಹುಡುಗನೊಬ್ಬ ಎದ್ದು, ಪದ್ಯದ ಒಂದು ಪದ ಸಂದರ್ಭಕ್ಕೆ ಹೊಂದುವುದಿಲ್ಲ, ವಕಾರವಿರುವಲ್ಲಿ ಪಕಾರವಿದ್ದಿರಬೇಕು ಎಂದಿದ್ದ. “ದೊಡ್ಡವರು ಪರಿಷ್ಕರಿಸಿದ ಗ್ರಂಥವಯ್ಯಾ, ಕುಳಿತುಕೋ” ಎಂದು ಗದರಿದ್ದೆ. ಕೆಲವು ವರ್ಷಗಳ ಬಳಿಕ ಆ ಕಾವ್ಯದ ಓಲೆಯ ಪ್ರತಿಯೊಂದನ್ನು ನೋಡಲಾಗಿ, ಅಲ್ಲಿ ಪಕಾರವೇ ಇದ್ದಿತು. ಅವನಿಗೊಂದು ಕಾಗದ ಬರೆಯಬೇಕೆಂದುಕೊಂಡೆ. ಅಭಿಮಾನ ಅಡ್ಡಬಂದಿತು, ಬರೆಯಲಿಲ್ಲ.

ಈಗ ಬರೆಯೋಣವೆಂದರೆ ಅವನ ವಿಳಾಸ ತಿಳಿಯದು. ಈ ಸ್ಮರಣ ಸಂಚಿಕೆಯು ಹಳೆಯ ವಿದ್ಯಾರ್ಥಿಗಳ ಮನೆಮನೆಗೂ ಹೋಗುವುದರಿಂದ ಇಲ್ಲಿಯೇ ಬರೆಯುತ್ತೇನೆ: ನೀನು ಹೇಳಿದ ಪಾಠವೇ ಸರಿಯಪ್ಪಾ, ತಪ್ಪಿದವನು ನಾನು.