ಎರಡನೇ ಹಲಗೆಯ ಪುಸ್ತಕಗಳು

ವಿಷ, ಹೆಣ, ಮಸಣ: ಪುಸ್ತಕದ ಬೆನ್ನಿನ ಮೇಲೆ ಈ ಮೂರರಲ್ಲೊಂದು ಕಂಡರೆ ನಾನು ಬೆಲೆ ನೋಡುವುದಿಲ್ಲ. ಹೀಗೆ ಕೊಂಡವೆಲ್ಲ ಕಪಾಟಿನ ಎರಡನೇ ಹಲಗೆಯಲ್ಲಿವೆ. ಮನೆಯಲ್ಲಿ ವಿರೋಧ ಇದ್ದದ್ದೇ. ಗರುಡಪುರಾಣವನ್ನು ಸೂತಕದ ದಿನಗಳಲ್ಲಲ್ಲದೆ ಓದಬಾರದು, ಮನೆಯಲ್ಲಿ ಇಡಲೂಬಾರದು ಎಂದು ನಂಬಿದವರು ನಮ್ಮತ್ತೆ. ಹಾಗಾಗಿ ಅದೊಂದಿಲ್ಲ. ಉಳಿದವು ಬಹುಪಾಲು ಇಂಗ್ಲಿಷಿನಲ್ಲಿರುವುದರಿಂದ ಬಚಾವಾಗಿವೆ.

ಹಾಗಂತ ಸಾವಿನ ಬಗ್ಗೆ ಬರೆದದ್ದೆಲ್ಲ ರುಚಿಸುತ್ತದೆಂದಲ್ಲ. ಆತ್ಮ, ನಶ್ವರತೆ ಎಂದು ಶುರುವಾದರೆ ಎರಡನೇ ಪುಟಕ್ಕೆ ಆಕಳಿಕೆ. ನನಗೆ ಬೇಕಾದದ್ದು ಸಾವಿನ ಸುತ್ತಲಿನ ಕೆಲಸ: ಯಾರು ಬೆರೆಸಿದರು, ಯಾರು ಪತ್ತೆ ಹಚ್ಚಿದರು, ಯಾರು ಹೊತ್ತರು, ಯಾರು ದುಡ್ಡು ಎಣಿಸಿಕೊಂಡರು.

ಕೌಟಿಲ್ಯ ಈ ಮಟ್ಟಿಗೆ ನಮ್ಮವನೇ. ಅರ್ಥಶಾಸ್ತ್ರದ ನಾಲ್ಕನೇ ಅಧಿಕರಣದಲ್ಲಿ ಹಠಾತ್ತನೆ ಸತ್ತವರ ಪರೀಕ್ಷೆಗೆಂದೇ ಒಂದು ಅಧ್ಯಾಯವಿದೆ. ಉಂಡು ಉಳಿದದ್ದನ್ನು ಹಕ್ಕಿಗಳಿಗೆ ಹಾಕಿ ನೋಡಬೇಕಂತೆ. ಸತ್ತವನ ಹೃದಯವನ್ನು ಬೆಂಕಿಗೆ ಹಾಕಿದಾಗ ಚಿಟಚಿಟ ಎಂದು ಕಾಮನಬಿಲ್ಲಿನ ಬಣ್ಣ ಬಂದರೆ ವಿಷವಂತೆ. ರಸಾಯನಶಾಸ್ತ್ರ ಏನಾದರೂ ಆಗಲಿ, ಮುಖ ಸಿಂಡರಿಸದೆ ಬರೆದಿದ್ದಾನಲ್ಲ, ಅದು ನನಗಿಷ್ಟ.

ಅಗಾಥಾ ಕ್ರಿಸ್ಟಿಗೂ ಆ ನಿರ್ಲಿಪ್ತತೆಯಿತ್ತು. ಮೊದಲ ಮಹಾಯುದ್ಧದಲ್ಲಿ ಆಕೆ ಟಾರ್ಕೀಯ ಆಸ್ಪತ್ರೆಯೊಂದರ ಔಷಧಾಲಯದಲ್ಲಿ ಕೆಲಸಕ್ಕಿದ್ದಳು. 1920ರಲ್ಲಿ ಬಂದ ಮೊದಲ ಕಾದಂಬರಿಯಲ್ಲಿ ಕೊಲೆಗೆ ಹೊರಗಿನ ವಿಷವೇ ಬೇಕಾಗುವುದಿಲ್ಲ. ಮನೆಯೊಡತಿಯ ಟಾನಿಕ್ಕಿನಲ್ಲೇ ಒಂದಿಷ್ಟು ಸ್ಟ್ರಿಕ್ನೀನ್ ಇದೆ. ಅದಕ್ಕೆ ಬ್ರೋಮೈಡ್ ಪುಡಿ ಸೇರಿದರೆ ಸ್ಟ್ರಿಕ್ನೀನ್ ಪೂರಾ ತಳಕ್ಕಿಳಿಯುತ್ತದೆ. ಕೊನೆಯ ಗುಟುಕಿನಲ್ಲಿ ಎಲ್ಲವೂ ಒಟ್ಟಿಗೆ. (ಗುಟ್ಟು ಬಿಟ್ಟುಕೊಟ್ಟೆನೆಂದು ಬೈಯಬೇಡಿ, ನೂರು ವರ್ಷ ಸಾಲದೇ?) ಅದನ್ನು ಓದಿದ ಮೇಲೆ ಕೆಮ್ಮಿನ ಔಷಧಿಯನ್ನೂ ನಾನು ಚೆನ್ನಾಗಿ ಕುಲುಕಿಯೇ ಕುಡಿಯುವುದು. ಸ್ಟ್ರಿಕ್ನೀನ್ ಎಂದರೆ ದೂರದ್ದೇನಲ್ಲ, ನಮ್ಮ ಕಾಸರಕದ ಬೀಜದ್ದು. ಆಟಿ ಅಮಾವಾಸ್ಯೆಯ ಬೆಳಗಿನ ಕತ್ತಲಲ್ಲಿ ಕಷಾಯಕ್ಕೆಂದು ಹಾಲೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆಯಲು ಹೊರಟವರಿಗೆ ಕರಾವಳಿಯ ಹಿರಿಯರು ಹೇಳುವುದೂ ಇದನ್ನೇ: ಕಾಸರಕಕ್ಕೆ ಕಲ್ಲು ಹಾಕೀರಿ, ಜೋಕೆ.

ಕನ್ನಡದಲ್ಲಿ ಈ ಹಲಗೆಯ ಯಜಮಾನಿಕೆ ಅನಂತಮೂರ್ತಿಯವರ ‘ಸಂಸ್ಕಾರ’ದ್ದು. ಪ್ರಾಣೇಶಾಚಾರ್ಯರ ಅಂತರಂಗದ ಬಗ್ಗೆ ವಿಮರ್ಶಕರು ಸಾಕಷ್ಟು ಬರೆದಿದ್ದಾರೆ. ನನ್ನ ಕಣ್ಣು ನಾರಣಪ್ಪನ ಹೆಣದ ಮೇಲೆ. ಅದು ಮನೆಯಲ್ಲಿರುವ ತನಕ ಅಗ್ರಹಾರದವರು ಉಣ್ಣುವಂತಿಲ್ಲ. ಹಸಿವು, ನಾತ, ಇಲಿ, ಹದ್ದು. ಸಂಸ್ಕಾರ ಯಾರು ಮಾಡಬೇಕೆಂಬುದಕ್ಕೆ ಗ್ರಂಥಗಳಲ್ಲಿ ಉತ್ತರ ಸಿಗುವುದಿಲ್ಲ. ಕೊನೆಗೆ ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿ ಮೀನಿನ ವ್ಯಾಪಾರಿ ಅಹ್ಮದ್ ಬ್ಯಾರಿಯ ಸಹಾಯ ಪಡೆದು, ರಾತ್ರೋರಾತ್ರಿ ಗಾಡಿಯಲ್ಲಿ ಸಾಗಿಸಿ ಸುಡಿಸುತ್ತಾಳೆ. ಇಡೀ ಕಾದಂಬರಿಯಲ್ಲಿ ಕೆಲಸ ಗೊತ್ತಿದ್ದವಳು ಅವಳೊಬ್ಬಳೇ ಎನ್ನುವುದು ನನ್ನ ವಾದ.

ಅಮೆರಿಕದಲ್ಲಿ ಜೆಸ್ಸಿಕಾ ಮಿಟ್‌ಫರ್ಡ್ 1963ರಲ್ಲಿ ಶವಸಂಸ್ಕಾರದ ವ್ಯಾಪಾರವನ್ನೇ ಬಯಲಿಗೆಳೆದಳು. ದುಃಖದಲ್ಲಿದ್ದವರು ದುಬಾರಿ ಪೆಟ್ಟಿಗೆಯತ್ತ ತಾವಾಗಿಯೇ ನಡೆಯುವಂತೆ ಮಳಿಗೆ ಜೋಡಿಸುವ ಚಾಲಾಕಿಯನ್ನು ಆಕೆ ನಗುನಗುತ್ತಲೇ ಬಿಡಿಸಿಡುತ್ತಾಳೆ. ನಮ್ಮ ನಗರಗಳಲ್ಲೂ ಈಗ ಬಿದಿರು, ಮಡಕೆ, ಹೂವು, ವಾಹನ, ಪುರೋಹಿತರು ಎಲ್ಲ ಸೇರಿ ಒಂದೇ ‘ಪ್ಯಾಕೇಜ್’. ಅಲ್ಲಿ ಚೌಕಾಸಿ ಮಾಡಿದವನೇ ಪಾಪಿ. ಅದರ ಲೆಕ್ಕ ತೆಗೆದು ಕನ್ನಡದಲ್ಲಿ ಯಾರಾದರೂ ಬರೆದರೆ ಎರಡು ಪ್ರತಿ ಕೊಳ್ಳುತ್ತೇನೆ. ನಮ್ಮತ್ತೆಗೆ ಮಾತ್ರ ರಟ್ಟು ಕಾಣದಂತೆ ಹೊದಿಕೆ ಹಾಕಬೇಕಾದೀತು.