ದೇವಡಿಯ ಬಾಗಿಲು

ನಮ್ಮ ಬೀದರಿನ ಮನೆಯಲ್ಲಿ ‘ಹೈದ್ರಾಬಾದಿಗೆ ಹೋಗಿಬರ್ತೀನಿ’ ಎಂದರೆ ಪರವೂರಿಗೆ ಹೊರಟಂತಲ್ಲ, ಓಣಿ ದಾಟಿ ದೊಡ್ಡಮನೆಗೆ ಹೋದಂತೆ. 1956ರವರೆಗೂ ಅದೇ ರಾಜಧಾನಿ ನೋಡಿ, ಮುತ್ಯಾನಿಗೆ ಕೋರ್ಟು, ದವಾಖಾನೆ, ಮದುವೆಯ ಜರಿಸೀರೆ ಮೂರಕ್ಕೂ ಅದೊಂದೇ ದಿಕ್ಕು. ನನಗೆ ಮಾತ್ರ ಹೈದರಾಬಾದೆಂದರೆ ಸಾಲಾರ್ ಜಂಗ್ ಮ್ಯೂಸಿಯಮ್ಮಿನ ಗಡಿಯಾರ. ಗಂಟೆ ತುಂಬುವ ಮೊದಲೇ ಜನ ಜಮಾಯಿಸುತ್ತಿದ್ದರು, ಮುತ್ಯಾ ನನ್ನನ್ನು ಹೆಗಲಿಗೇರಿಸಿಕೊಳ್ಳುತ್ತಿದ್ದ, ಗಡ್ಡದ ಗೊಂಬೆಯೊಂದು ಹೊರಬಂದು ಗಂಟೆ ಬಾರಿಸಿ ಒಳಗೆ ಹೋಗುತ್ತಿತ್ತು. ಹನ್ನೆರಡಕ್ಕೇ ಹೋಗಬೇಕೆಂದು ನನ್ನ ಹಟ; ಹನ್ನೆರಡು ಪೆಟ್ಟು ಸಿಗುತ್ತವಲ್ಲ!

ಅಲ್ಲಿಂದ ಎಲ್ಲರೂ ಮುಸುಕಿನ ರೆಬೆಕ್ಕಾಳ ಕಡೆಗೆ. ಇಟಲಿಯ ಬೆಂಜೋನಿ ಅಮೃತಶಿಲೆಗೆ ಒದ್ದೆ ಮಲ್‌ಮಲ್ ಬಟ್ಟೆಯ ಸ್ವಭಾವ ಕಲಿಸಿದ್ದಾನೆ, ಎಷ್ಟು ನೋಡಿದರೂ ಕಣ್ಣು ನಂಬುವುದಿಲ್ಲ. ಆದರೆ ಮುತ್ಯಾ ನಿಲ್ಲುತ್ತಿದ್ದದ್ದು ಬಿದರಿ ಹುಕ್ಕಾಗಳ ಮುಂದೆ. ‘ಇದು ನಮ್ಮ ಮಣ್ಣಪ್ಪ’ ಎನ್ನುತ್ತಿದ್ದ. ಮಾತು ಅಕ್ಷರಶಃ ನಿಜ: ಸತುವಿಗೆ ಚೂರು ತಾಮ್ರ ಬೆರೆಸಿ ಎರಕಹೊಯ್ದು, ಕೊರೆದ ಗೆರೆಗೆ ಬೆಳ್ಳಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಉಜ್ಜಿದರೆ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ನಮ್ಮ ಆಯಿಯ ಅಡಿಕೆ ಡಬ್ಬಿಯೂ ಇಂಥದ್ದೇ. ದಿನಾ ಮುಟ್ಟಿ ಮುಟ್ಟಿ ಅದರ ಒಂದು ಹೂವು ಸವೆದಿತ್ತು. ಗಾಜಿನೊಳಗಿನ ಹುಕ್ಕಾಗೆ ಆ ಸವೆತದ ಭಾಗ್ಯ ತಪ್ಪಿತು.

ಯಾಕೆ ಹೇಳಿದೆನೆಂದರೆ, ಇವೂ ಒಮ್ಮೆ ಮನೆಯ ಸಾಮಾನುಗಳೇ. ಮೂರನೆಯ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್, ಮದುವೆಯಾಗಲಿಲ್ಲ. ದಿವಾನಗಿರಿ ಬಿಟ್ಟು ಬದುಕೆಲ್ಲ ಕಲಾವಸ್ತು ಕೂಡಿಹಾಕಿ 1949ರಲ್ಲಿ ತೀರಿಕೊಂಡರು. 1951ರ ಡಿಸೆಂಬರ್ 16ರಂದು ನೆಹರೂ ಉದ್ಘಾಟಿಸಿದ ಮ್ಯೂಸಿಯಂ ಅವರ ಮನೆ ದಿವಾನ್ ದೇವಡಿಯಲ್ಲೇ ಇತ್ತು. 1968ರಲ್ಲಿ ಅಷ್ಟೂ ಸಂಪತ್ತು ಮೂಸಿ ದಂಡೆಯ ಹೊಸ ಕಟ್ಟಡಕ್ಕೆ ಹೋಯಿತು. ಹೋಗಲೇಬೇಕಿತ್ತೇನೋ, ಜಾಗ ಸಾಲದಷ್ಟಿತ್ತು. ಆದರೆ ಬೆನ್ನ ಹಿಂದೆ ಅರಮನೆಯೇ ಕರಗಿಹೋದದ್ದು ನನಗೆ ಇಂದಿಗೂ ಸಂಕಟದ ವಿಷಯ.

ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ನಿಗೆ ಹೋದಾಗೆಲ್ಲ ಈ ಸಂಕಟ ಮರುಕಳಿಸುತ್ತದೆ. ಅಲ್ಲಿ ಹಳೇ ಬಂಗಲೆಯನ್ನು ಉಳಿಸಿಕೊಂಡು, ಅದಕ್ಕೆ ಆಧುನಿಕ ಗ್ಯಾಲರಿಯೊಂದನ್ನು ಜೋಡಿಸಿ, 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವನ್ನು ತೆರೆದರು. ಅಜ್ಜಿಯ ಕೈ ಹಿಡಿದು ಮೊಮ್ಮಗಳು ನಿಂತಂತಿದೆ. ಹಳೆಯದು ಕುಗ್ಗಿಲ್ಲ, ಹೊಸದು ಹಳೆಯದರ ವೇಷ ಹಾಕಿಲ್ಲ. ದೇವಡಿಗೂ ಹೀಗೊಂದು ಮೊಮ್ಮಗಳು ಸಿಗಬಹುದಿತ್ತು.

ಹೋದ ಸಲ ಹೈದರಾಬಾದಿನಲ್ಲಿ ನನ್ನ ಮೊಮ್ಮಗಳನ್ನು ಮೊದಲು ದೇವಡಿಯ ಹೆಬ್ಬಾಗಿಲಿಗೇ ಕರೆದೊಯ್ದೆ. ಕಮಾನಿನಡಿ ಅಂಗಡಿಗಳ ಗದ್ದಲ, ಬಳೆ ಕೊಳ್ಳುವವರ ಚೌಕಾಸಿ. ‘ಮನೆ ಎಲ್ಲಿ?’ ಎಂದು ಕೇಳಿದಳು. ಬಾಗಿಲ ಕಲ್ಲಿನ ಮೇಲೆ ಅವಳ ಅಂಗೈ ಇಡಿಸಿದೆ. ಬಿಸಿಲಿಗೆ ಕಾದಿತ್ತು. ಹನ್ನೆರಡಾಗಲು ಇನ್ನು ಇಪ್ಪತ್ತೇ ನಿಮಿಷವಿತ್ತು; ಅವಳನ್ನು ಎತ್ತಿಕೊಂಡು ಮೂಸಿಯ ಕಡೆಗೆ ಬಿರಬಿರನೆ ನಡೆದೆ.